ಮಲಗುವ ಕೋಣೆಯ ಸರೌಂಡ್ ಸೌಂಡ್ ವ್ಯವಸ್ಥೆ

ಮಲಗುವ ಕೋಣೆಯ ಸರೌಂಡ್ ಸೌಂಡ್ ವ್ಯವಸ್ಥೆ ಎಂದರೆ ಮನೆಯ ಸಣ್ಣ ಕೋಣೆಯೊಂದರಲ್ಲಿ ಕೇಳುಗನ ಮುಂದೆ, ಪಕ್ಕದಲ್ಲಿ ಮತ್ತು ಹಿಂದೆ ಸ್ಪೀಕರುಗಳನ್ನು ಇರಿಸಿ, ಚಲನಚಿತ್ರ ಅಥವಾ ಸಂಗೀತದ ಧ್ವನಿಯು ಸುತ್ತಲಿಂದಲೂ ಬರುವಂತೆ ಮಾಡುವ ಏರ್ಪಾಡು. ಇದರ ಸಾಮಾನ್ಯ ರೂಪವನ್ನು 5.1 ಎಂದು ಸೂಚಿಸಲಾಗುತ್ತದೆ. ಇಲ್ಲಿ 5 ಎಂಬುದು ಐದು ಮುಖ್ಯ ಚಾನೆಲ್‌ಗಳನ್ನು (ಮುಂದಿನ ಎಡ, ಮುಂದಿನ ಬಲ, ಮಧ್ಯ, ಸರೌಂಡ್ ಎಡ, ಸರೌಂಡ್ ಬಲ), 1 ಎಂಬುದು ಮಂದ್ರ ಧ್ವನಿಗೆ ಮೀಸಲಾದ ಚಾನೆಲ್ಲನ್ನು ಸೂಚಿಸುತ್ತದೆ. ಕಡಿಮೆ ವೆಚ್ಚದಲ್ಲಿ ಇಂತಹ ವ್ಯವಸ್ಥೆಯನ್ನು ಹೊಂದಿಸುವಾಗ ಉಪಕರಣದ ಬೆಲೆಗಿಂತ ಕೋಣೆಯ ಅಳತೆ, ಹಾಸಿಗೆಯ ಸ್ಥಾನ, ಸ್ಪೀಕರುಗಳ ಕೋನ ಮತ್ತು ನೆರೆಮನೆಯ ದೂರ ಹೆಚ್ಚು ನಿರ್ಣಾಯಕವಾಗುತ್ತವೆ. ಬೆಳಗಾವಿ ನಗರದ ದಕ್ಷಿಣ ಭಾಗದಲ್ಲಿರುವ ಹಿಂದವಾಡಿಯಂತಹ ವಸತಿ ಬಡಾವಣೆಗಳಲ್ಲಿ ಹಳೆಯ ಹೆಂಚಿನ ಮನೆಗಳೂ ಕಾಂಕ್ರೀಟ್ ಚಾವಣಿಯ ಹೊಸ ಮನೆಗಳೂ ಒಟ್ಟೊಟ್ಟಿಗೆ ಇರುವುದರಿಂದ, ಒಂದೇ ಉಪಕರಣವು ಎರಡು ಮನೆಗಳಲ್ಲಿ ಎರಡು ಬಗೆಯಾಗಿ ಕೇಳಿಸುತ್ತದೆ.

ಹಿನ್ನೆಲೆ

ಧ್ವನಿಯನ್ನು ಪ್ರೇಕ್ಷಕರ ಸುತ್ತಲೂ ಹರಡುವ ಪ್ರಯತ್ನ ಚಿತ್ರಮಂದಿರಗಳಲ್ಲಿ ಆರಂಭವಾಯಿತು. ವಾಲ್ಟ್ ಡಿಸ್ನಿಯವರ ‘ಫ್ಯಾಂಟಸಿಯಾ’ (1940) ಚಿತ್ರಕ್ಕಾಗಿ ರೂಪಿಸಿದ ಫ್ಯಾಂಟಸೌಂಡ್ ವ್ಯವಸ್ಥೆ ಇದರ ಮೊದಲ ಪ್ರಮುಖ ಉದಾಹರಣೆ. ಭಾರತದಲ್ಲಿ, ಬಹುಪಾಲು ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡ ‘ಶೋಲೆ’ (1975) ಚಿತ್ರವು 70 ಎಂ.ಎಂ. ಪರದೆ ಮತ್ತು ಸ್ಟೀರಿಯೊಫೋನಿಕ್ ಧ್ವನಿಯೊಂದಿಗೆ ಪ್ರದರ್ಶನಗೊಂಡು ಈ ಅನುಭವವನ್ನು ಅಪಾರ ಸಂಖ್ಯೆಯ ಪ್ರೇಕ್ಷಕರಿಗೆ ತಲುಪಿಸಿತು. 1992ರಲ್ಲಿ ಡಾಲ್ಬಿ ಡಿಜಿಟಲ್, 1993ರಲ್ಲಿ ಡಿ.ಟಿ.ಎಸ್. ತಂತ್ರಗಳು ಚಿತ್ರಮಂದಿರಕ್ಕೆ ಬಂದವು. ಡಿ.ವಿ.ಡಿ.ಯ ಪ್ರಸಾರದೊಂದಿಗೆ 5.1 ಧ್ವನಿಯು ಮನೆಗಳಿಗೂ ಪ್ರವೇಶಿಸಿತು. 2012ರಲ್ಲಿ ಬಂದ ಡಾಲ್ಬಿ ಅಟ್ಮಾಸ್ ತಂತ್ರವು ತಲೆಯ ಮೇಲಿನಿಂದ ಬರುವ ಧ್ವನಿಯನ್ನೂ ಸೇರಿಸಿಕೊಂಡಿತು. ಕಡಿಮೆ ವೆಚ್ಚದ ಮಲಗುವ ಕೋಣೆಗೆ ಇಂದಿಗೂ 5.1 ಅಥವಾ ಅದಕ್ಕಿಂತ ಸರಳವಾದ ವಿನ್ಯಾಸವೇ ಹೆಚ್ಚು ಸೂಕ್ತವೆನಿಸಿದೆ.

ಚಿತ್ರಮಂದಿರಕ್ಕೂ ಮಲಗುವ ಕೋಣೆಗೂ ಇರುವ ವ್ಯತ್ಯಾಸ ಕೇವಲ ಗಾತ್ರದ್ದಲ್ಲ. ಚಿತ್ರಮಂದಿರದಲ್ಲಿ ಕೇಳುಗನು ಗೋಡೆಗಳಿಂದ ಬಹಳ ದೂರದಲ್ಲಿರುತ್ತಾನೆ. ಮಲಗುವ ಕೋಣೆಯಲ್ಲಿ ಅವನ ತಲೆ ಹಿಂಗೋಡೆಗೆ ಒಂದೆರಡು ಅಡಿ ದೂರದಲ್ಲಷ್ಟೇ ಇರುತ್ತದೆ. ಹೀಗಾಗಿ ಚಿತ್ರಮಂದಿರದ ಏರ್ಪಾಡನ್ನು ಚಿಕ್ಕದು ಮಾಡಿ ಕೋಣೆಯೊಳಗೆ ಇಟ್ಟರೆ ಅದೇ ಫಲ ದೊರೆಯುವುದಿಲ್ಲ.

ಕೋಣೆಯ ಧ್ವನಿಗುಣ

ಸಬೈನ್ ಸೂತ್ರ

ಅಮೆರಿಕದ ಭೌತವಿಜ್ಞಾನಿ ವ್ಯಾಲೇಸ್ ಸಬೈನ್ 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಉಪನ್ಯಾಸ ಭವನವೊಂದರ ದೋಷವನ್ನು ಪರಿಶೀಲಿಸಿದರು. ಅಲ್ಲಿ ಮಾತಿನ ಮಾರ್ದನಿ ಎಷ್ಟು ದೀರ್ಘವಾಗಿತ್ತೆಂದರೆ ಉಪನ್ಯಾಸವೇ ಅರ್ಥವಾಗುತ್ತಿರಲಿಲ್ಲ. ಆಸನಗಳ ಮೆತ್ತೆಗಳನ್ನು ತಂದು ಹರಡಿ, ಎಷ್ಟು ಮೆತ್ತೆಗೆ ಮಾರ್ದನಿ ಎಷ್ಟು ತಗ್ಗುತ್ತದೆ ಎಂಬುದನ್ನು ಅವರು ಅಳೆದರು. ಇದರಿಂದ ದೊರೆತ ಸೂತ್ರದ ಪ್ರಕಾರ ಮಾರ್ದನಿಯ ಅವಧಿಯು (ಸೆಕೆಂಡುಗಳಲ್ಲಿ) ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಕೋಣೆಯ ಒಟ್ಟು ಶೋಷಣೆಯಿಂದ ಭಾಗಿಸಿದಾಗ ಬರುವ ಮೊತ್ತವಾಗಿದೆ.

12 ಅಡಿ ಉದ್ದ, 10 ಅಡಿ ಅಗಲ ಮತ್ತು 10 ಅಡಿ ಎತ್ತರದ ಕೋಣೆಯ ಘನ ಅಳತೆ ಸುಮಾರು 34 ಘನ ಮೀಟರ್. ಗಿಲಾವು ಮಾಡಿದ ಗೋಡೆ ಮತ್ತು ನುಣುಪಾದ ನೆಲವುಳ್ಳ ಖಾಲಿ ಕೋಣೆಯಲ್ಲಿ ಶೋಷಣೆಯು 2 ಚದರ ಮೀಟರಿನಷ್ಟಿದ್ದರೆ ಮಾರ್ದನಿ 2.7 ಸೆಕೆಂಡುಗಳವರೆಗೆ ಉಳಿಯುತ್ತದೆ. ಅದೇ ಕೋಣೆಯಲ್ಲಿ ಹಾಸಿಗೆ, ದಿಂಬು, ದಪ್ಪ ಪರದೆ, ಜಮಖಾನೆ, ಬಟ್ಟೆ ತುಂಬಿದ ತೆರೆದ ಕಪಾಟು ಸೇರಿ ಶೋಷಣೆಯು 12 ಚದರ ಮೀಟರಿಗೆ ಏರಿದರೆ ಮಾರ್ದನಿ 0.5 ಸೆಕೆಂಡಿಗಿಂತ ಕಡಿಮೆಯಾಗುತ್ತದೆ. ಸಂಭಾಷಣೆ ಸ್ಪಷ್ಟವಾಗಿ ಕೇಳಲು ಈ ಎರಡನೆಯ ಸ್ಥಿತಿ ಅಗತ್ಯ. ಹತ್ತಿಯ ಗಾದಿಯುಳ್ಳ ಸಾಮಾನ್ಯ ಮಲಗುವ ಕೋಣೆಯು ಈ ದೃಷ್ಟಿಯಿಂದ ಮನೆಯ ಹಜಾರಕ್ಕಿಂತ ಅನುಕೂಲಕರವಾಗಿದೆ.

ಕೋಣೆಯ ಅನುರಣನ

ಎದುರುಬದುರಾದ ಎರಡು ಗೋಡೆಗಳ ನಡುವೆ ಧ್ವನಿ ತರಂಗವು ಹಿಂದಕ್ಕೂ ಮುಂದಕ್ಕೂ ಸಂಚರಿಸಿ ಕೆಲವು ನಿರ್ದಿಷ್ಟ ಕಂಪನಾಂಕಗಳಲ್ಲಿ ಬಲಗೊಳ್ಳುತ್ತದೆ. ಇಂತಹ ಅತಿ ಕಡಿಮೆ ಕಂಪನಾಂಕವನ್ನು, ಧ್ವನಿಯ ವೇಗವನ್ನು (20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್) ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಿ ಪಡೆಯಬಹುದು. ಮೇಲಿನ ಕೋಣೆಯಲ್ಲಿ ಉದ್ದದ ದಿಕ್ಕಿನಲ್ಲಿ ಇದು ಸುಮಾರು 47 ಹರ್ಟ್ಸ್, ಅಗಲದ ದಿಕ್ಕಿನಲ್ಲಿ ಸುಮಾರು 56 ಹರ್ಟ್ಸ್ ಆಗುತ್ತದೆ. ಎತ್ತರವೂ 10 ಅಡಿಯೇ ಆಗಿದ್ದರೆ 56 ಹರ್ಟ್ಸ್ ಎರಡು ದಿಕ್ಕುಗಳಿಂದ ಬಲಗೊಂಡು, ಆ ಸ್ವರ ಮಾತ್ರ ಗುಂಯ್ಗುಡುವಂತೆ ಕೇಳುತ್ತದೆ. ಇದನ್ನು ಅನೇಕರು ಸಬ್‌ವೂಫರಿನ ದೋಷವೆಂದು ತಿಳಿದು ಉಪಕರಣವನ್ನೇ ಬದಲಿಸುತ್ತಾರೆ. ಸಬ್‌ವೂಫರನ್ನು ಇಟ್ಟ ಜಾಗವನ್ನು ಬದಲಿಸುವುದು ಇದಕ್ಕೆ ಖರ್ಚಿಲ್ಲದ ಪರಿಹಾರವಾಗಿದೆ.

ಹೆಂಚಿನ ಮನೆ ಮತ್ತು ಕಾಂಕ್ರೀಟ್ ಮನೆ

ಬೆಳಗಾವಿ ಮತ್ತು ಖಾನಾಪುರ ಭಾಗದ ಹಳೆಯ ಮನೆಗಳಲ್ಲಿ ಜಂಬಿಟ್ಟಿಗೆ ಕಲ್ಲಿನ ದಪ್ಪ ಗೋಡೆಗಳೂ ಇಳಿಜಾರಾದ ಹೆಂಚಿನ ಮಾಡೂ ಸಾಮಾನ್ಯ. ಖಾನಾಪುರವು ಹೆಂಚು ಮತ್ತು ಮಣ್ಣಿನ ಪಾತ್ರೆಗಳ ತಯಾರಿಕೆಗೆ ಹೆಸರಾದ ಊರು. ಇಳಿಜಾರಾದ ಮಾಡು ನೆಲಕ್ಕೆ ಸಮಾನಾಂತರವಾಗಿಲ್ಲದ ಕಾರಣ ನೆಲ ಮತ್ತು ಚಾವಣಿಗಳ ನಡುವಿನ ಅನುರಣನ ಇಂತಹ ಮನೆಗಳಲ್ಲಿ ದುರ್ಬಲವಾಗಿರುತ್ತದೆ. ಹೆಂಚುಗಳ ಸಂದುಗಳಿಂದ ಮಂದ್ರ ಧ್ವನಿಯ ಒಂದಂಶ ಹೊರಕ್ಕೆ ಹೋಗುವುದರಿಂದ ಕೋಣೆಯೊಳಗೆ ಗುಂಯ್ಗುಡುವಿಕೆ ಕಡಿಮೆ. ಆದರೆ ಅದೇ ಸಂದುಗಳಿಂದ ಧ್ವನಿಯು ನೆರೆಮನೆಗೂ ತಲುಪುತ್ತದೆ. ಗೋಡೆ ಎಷ್ಟೇ ದಪ್ಪವಾಗಿದ್ದರೂ ಒಂದು ಕೋಣೆಯ ಧ್ವನಿ ತಡೆಯುವ ಶಕ್ತಿಯನ್ನು ಅದರ ಅತ್ಯಂತ ದುರ್ಬಲ ಭಾಗವೇ ನಿರ್ಧರಿಸುತ್ತದೆ. ಮಳೆಗಾಲದಲ್ಲಿ ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು ಮೆಲುಮಾತಿನ ಸಂಭಾಷಣೆಯನ್ನು ಮುಚ್ಚಿಬಿಡುತ್ತದೆ.

ಕಾಂಕ್ರೀಟ್ ಚಾವಣಿಯ ಮನೆಗಳಲ್ಲಿ ಪರಿಸ್ಥಿತಿ ಇದಕ್ಕೆ ವಿರುದ್ಧ. ಮಳೆಯ ಸದ್ದು ಅಷ್ಟಾಗಿ ಒಳಬರುವುದಿಲ್ಲ; ಆದರೆ ಆರು ಮೇಲ್ಮೈಗಳೂ ಗಟ್ಟಿಯಾಗಿ, ಸಮಾನಾಂತರವಾಗಿ ಇರುವುದರಿಂದ ಮಾರ್ದನಿ ಮತ್ತು ಅನುರಣನ ಎರಡೂ ಹೆಚ್ಚು. ಇಂತಹ ಕೋಣೆಯಲ್ಲಿ ಮೊದಲ ಖರ್ಚು ದಪ್ಪ ಪರದೆ ಮತ್ತು ಜಮಖಾನೆಗೆ ಆಗುವುದು ಯುಕ್ತ.

ಉಪಕರಣಗಳ ಆಯ್ಕೆ

ಕಡಿಮೆ ವೆಚ್ಚದ ವ್ಯವಸ್ಥೆಗಳು ಮುಖ್ಯವಾಗಿ ಮೂರು ಬಗೆಯವು: ಎಲ್ಲ ಸ್ಪೀಕರುಗಳೂ ಆಂಪ್ಲಿಫೈಯರೂ ಒಂದೇ ಪೆಟ್ಟಿಗೆಯಲ್ಲಿ ಬರುವ ಮಲ್ಟಿಮೀಡಿಯಾ 5.1 ಜೋಡಣೆ, ಸೌಂಡ್‌ಬಾರ್, ಹಾಗೂ ಬಳಸಿದ ಎ.ವಿ. ರಿಸೀವರ್ ಮತ್ತು ಬಿಡಿ ಸ್ಪೀಕರುಗಳ ಜೋಡಣೆ. ಮೂರನೆಯದರಲ್ಲಿ ಮೊದಲು ಎರಡು ಉತ್ತಮ ಸ್ಪೀಕರುಗಳಿಂದ ಆರಂಭಿಸಿ, ಅನುಕೂಲವಾದಂತೆ ಮಧ್ಯದ ಸ್ಪೀಕರ್, ಸಬ್‌ವೂಫರ್ ಮತ್ತು ಸರೌಂಡ್ ಸ್ಪೀಕರುಗಳನ್ನು ಸೇರಿಸಬಹುದು. ಚಲನಚಿತ್ರದ ಸಂಭಾಷಣೆಯ ಬಹುಪಾಲು ಮಧ್ಯದ ಚಾನೆಲ್‌ನಲ್ಲಿರುವುದರಿಂದ, ಹಿಂದಿನ ಎರಡು ಸ್ಪೀಕರುಗಳಿಗಿಂತ ಮಧ್ಯದ ಒಂದು ಸ್ಪೀಕರಿನ ಗುಣಮಟ್ಟ ಹೆಚ್ಚು ಮುಖ್ಯ.

ಸಾಮರ್ಥ್ಯದ ಸಂಖ್ಯೆಗಳು

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿತವಾಗುವ ಪಿ.ಎಂ.ಪಿ.ಓ. ಸಂಖ್ಯೆಗೆ ಏಕರೂಪದ ಅಳತೆಯ ವಿಧಾನವಿಲ್ಲ. ಆರ್.ಎಂ.ಎಸ್. ಸಂಖ್ಯೆಯನ್ನು ಮಾತ್ರ ಹೋಲಿಕೆಗೆ ಬಳಸಬೇಕು. ವಿದ್ಯುತ್ ಸಾಮರ್ಥ್ಯ ಎರಡರಷ್ಟಾದರೆ ಧ್ವನಿಯ ಮಟ್ಟ ಕೇವಲ 3 ಡೆಸಿಬೆಲ್ ಏರುತ್ತದೆ. 1 ವ್ಯಾಟ್‌ಗೆ 1 ಮೀಟರ್ ದೂರದಲ್ಲಿ 86 ಡೆಸಿಬೆಲ್ ನೀಡುವ ಸಾಧಾರಣ ಸ್ಪೀಕರೊಂದು ಸಣ್ಣ ಕೋಣೆಯನ್ನು ಕೆಲವೇ ವ್ಯಾಟ್‌ಗಳಲ್ಲಿ ತುಂಬಬಲ್ಲದು. ಆದ್ದರಿಂದ ಮಲಗುವ ಕೋಣೆಗೆ ಹೆಚ್ಚು ವ್ಯಾಟ್‌ಗಾಗಿ ಹಣ ತೆರುವುದರಿಂದ ಪ್ರಯೋಜನ ಅಲ್ಪ.

ತಂತಿ

ತಾಮ್ರದ 1 ಚದರ ಮಿಲಿಮೀಟರ್ ತಂತಿಯ 5 ಮೀಟರ್ ಉದ್ದದ ಜೋಡಿಯ ರೋಧ ಸುಮಾರು 0.17 ಓಮ್. ಇದು 8 ಓಮ್ ಸ್ಪೀಕರಿನ ಶೇಕಡಾ 2ರಷ್ಟು ಮಾತ್ರ. ಮಲಗುವ ಕೋಣೆಯ ದೂರಗಳಿಗೆ ಸಾಮಾನ್ಯ ತಾಮ್ರದ ತಂತಿಯೇ ಸಾಕಾಗುತ್ತದೆ. ದುಬಾರಿ ತಂತಿಗಳಿಂದ ಕೇಳಿಸುವಂತಹ ವ್ಯತ್ಯಾಸ ಆಗುವುದಿಲ್ಲ.

ಸಂಪರ್ಕ

ಅಗ್ಗದ 5.1 ವ್ಯವಸ್ಥೆಗಳ ಬಗೆಗಿನ ನಿರಾಶೆಗೆ ಹೆಚ್ಚಾಗಿ ಕಾರಣವಾಗುವುದು ಸಂಪರ್ಕದ ವಿಧಾನ. ಟಿ.ವಿ.ಯಿಂದ ಒಂದು ಆಕ್ಸ್ ತಂತಿಯ ಮೂಲಕ ಅಥವಾ ಬ್ಲೂಟೂತ್ ಮೂಲಕ ಸಂಪರ್ಕಿಸಿದಾಗ ಸಾಮಾನ್ಯವಾಗಿ ಎರಡು ಚಾನೆಲ್‌ಗಳ ಸ್ಟೀರಿಯೊ ಧ್ವನಿ ಮಾತ್ರ ಸಾಗುತ್ತದೆ. ಐದೂ ಸ್ಪೀಕರುಗಳಿಂದ ಸದ್ದು ಬಂದರೂ ಅದು ಮುಂದಿನ ಧ್ವನಿಯದೇ ನಕಲು ಆಗಿರುತ್ತದೆ. ನಿಜವಾದ 5.1 ಧ್ವನಿಗೆ ಮೂರು ಮಾರ್ಗಗಳಿವೆ:

ಎಚ್.ಡಿ.ಎಂ.ಐ.: ಟಿ.ವಿ.ಯ ‘ಎ.ಆರ್.ಸಿ.’ ಎಂದು ಗುರುತಿಸಿದ ಕಿಂಡಿಯಿಂದ ರಿಸೀವರಿಗೆ ಅಥವಾ ಸೌಂಡ್‌ಬಾರಿಗೆ ಸಂಪರ್ಕ. ಈ ಸೌಲಭ್ಯವು 2009ರಲ್ಲಿ ಪ್ರಕಟವಾದ ಎಚ್.ಡಿ.ಎಂ.ಐ. 1.4 ಆವೃತ್ತಿಯಲ್ಲಿ ಬಂದಿತು.

ಆಪ್ಟಿಕಲ್: ಸಂಕುಚಿತಗೊಳಿಸಿದ ಡಾಲ್ಬಿ ಡಿಜಿಟಲ್ ಅಥವಾ ಡಿ.ಟಿ.ಎಸ್. 5.1 ಧ್ವನಿಯನ್ನು ಇದು ಸಾಗಿಸಬಲ್ಲದು. ಇನ್ನೊಂದು ತುದಿಯ ಉಪಕರಣದಲ್ಲಿ ಅದನ್ನು ಬಿಡಿಸುವ ಡಿಕೋಡರ್ ಇರಬೇಕು.

ಅನಲಾಗ್ ಮೂರು ತಂತಿ: ಕಂಪ್ಯೂಟರಿನ ಹಸಿರು (ಮುಂದಿನ), ಕಪ್ಪು (ಹಿಂದಿನ) ಮತ್ತು ಕಿತ್ತಳೆ (ಮಧ್ಯ ಮತ್ತು ಸಬ್‌ವೂಫರ್) ಕಿಂಡಿಗಳಿಂದ ಮಲ್ಟಿಮೀಡಿಯಾ ಸ್ಪೀಕರಿಗೆ ಸಂಪರ್ಕ.

ಇದಕ್ಕೆ ಪ್ರತಿಯಾದ ಇನ್ನೊಂದು ತೊಡಕೂ ಇದೆ. ಎರಡೇ ಸ್ಪೀಕರುಗಳಿರುವಾಗ ಉಪಕರಣದಲ್ಲಿ 5.1 ಎಂದು ಆಯ್ಕೆ ಮಾಡಿದ್ದರೆ ಮಧ್ಯದ ಚಾನೆಲ್ ಎಲ್ಲಿಗೂ ತಲುಪದೆ ಹಿನ್ನೆಲೆ ಸಂಗೀತ ಅಬ್ಬರಿಸಿ ಮಾತು ಕ್ಷೀಣಿಸುತ್ತದೆ. ಆಗ ಟಿ.ವಿ. ಅಥವಾ ಕಂಪ್ಯೂಟರಿನಲ್ಲಿ ಸ್ಟೀರಿಯೊ ಎಂದು ಬದಲಿಸಿದರೆ ಸಂಭಾಷಣೆಯು ಎರಡೂ ಸ್ಪೀಕರುಗಳಿಗೆ ಹಂಚಿಕೆಯಾಗುತ್ತದೆ. ಒಂದೇ ಚಿತ್ರದ ಬೇರೆ ಬೇರೆ ಭಾಷೆಯ ಧ್ವನಿಪಥಗಳು ಬೇರೆ ಬೇರೆ ಸಂಖ್ಯೆಯ ಚಾನೆಲ್‌ಗಳಲ್ಲಿ ಇರುವುದೂ ಉಂಟು. ಬೆಳಗಾವಿಯಂತೆ ಕನ್ನಡ, ಮರಾಠಿ, ಹಿಂದಿ ಮೂರೂ ಭಾಷೆಗಳ ಚಿತ್ರಗಳನ್ನು ನೋಡುವ ಮನೆಗಳಲ್ಲಿ, ಭಾಷೆ ಬದಲಿಸಿದೊಡನೆ ಹಿಂದಿನ ಸ್ಪೀಕರುಗಳು ಮೌನವಾದರೆ ಅದು ಉಪಕರಣದ ದೋಷವೆಂದು ಭಾವಿಸಬೇಕಾಗಿಲ್ಲ.

ಸ್ಪೀಕರುಗಳ ಸ್ಥಾನ

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿ.ಎಸ್. 775 ಶಿಫಾರಸಿನಂತೆ ಮಧ್ಯದ ಸ್ಪೀಕರ್ ಕೇಳುಗನ ನೇರ ಮುಂದೆ, ಮುಂದಿನ ಎಡಬಲ ಸ್ಪೀಕರುಗಳು ಮಧ್ಯರೇಖೆಯಿಂದ ತಲಾ 30 ಡಿಗ್ರಿ ಕೋನದಲ್ಲಿ, ಸರೌಂಡ್ ಸ್ಪೀಕರುಗಳು 100ರಿಂದ 120 ಡಿಗ್ರಿ ಕೋನದಲ್ಲಿ ಇರಬೇಕು. ಅಂದರೆ ಸರೌಂಡ್ ಸ್ಪೀಕರುಗಳ ಸ್ಥಾನ ಕೇಳುಗನ ಬೆನ್ನ ಹಿಂದೆ ಅಲ್ಲ, ಕಿವಿಯ ಸಾಲಿನಿಂದ ತುಸು ಹಿಂದೆ.

10 ಅಡಿ ಅಗಲದ ಕೋಣೆಯಲ್ಲಿ ಹಾಸಿಗೆಯ ತಲೆಭಾಗ ಹಿಂಗೋಡೆಗೆ ತಾಗಿದ್ದು, ಟಿ.ವಿ. ಎದುರು ಗೋಡೆಯಲ್ಲಿ ಇದ್ದರೆ ಕೇಳುಗನಿಗೂ ಪರದೆಗೂ ಸುಮಾರು 3 ಮೀಟರ್ ಅಂತರವಿರುತ್ತದೆ. ಇಲ್ಲಿ 30 ಡಿಗ್ರಿ ಕೋನ ದೊರೆಯಲು ಮುಂದಿನ ಎರಡು ಸ್ಪೀಕರುಗಳ ನಡುವೆ ಸುಮಾರು 3.5 ಮೀಟರ್ ಅಂತರ ಬೇಕು. ಕೋಣೆಯ ಅಗಲವೇ ಅಷ್ಟಿರುವುದಿಲ್ಲ. 2.6 ಮೀಟರ್ ಅಂತರದಲ್ಲಿ ಇಟ್ಟರೆ ಸುಮಾರು 23 ಡಿಗ್ರಿ ದೊರೆಯುತ್ತದೆ. ಇದು ಬಳಕೆಗೆ ಸಾಕಾಗುವ ಕೋನ. ಸ್ಪೀಕರುಗಳ ಮುಖವನ್ನು ದಿಂಬಿನ ಕಡೆಗೆ ತಿರುಗಿಸಿದರೆ ಪಕ್ಕದ ಗೋಡೆಯ ಪ್ರತಿಫಲನವೂ ತಗ್ಗುತ್ತದೆ.

ಸರೌಂಡ್ ಸ್ಪೀಕರುಗಳನ್ನು ಹಿಂಗೋಡೆಯ ಮೂಲೆಗಳಲ್ಲಿ ತೂಗುಹಾಕುವ ರೂಢಿ ವ್ಯಾಪಕವಾಗಿದೆ. ಆದರೆ ಕೇಳುಗನ ತಲೆ ಗೋಡೆಯಿಂದ ಒಂದೂವರೆ ಅಡಿಯಷ್ಟು ಮುಂದಿದ್ದು, ಪಕ್ಕದ ಗೋಡೆ 1.5 ಮೀಟರ್ ದೂರದಲ್ಲಿದ್ದರೆ, ಕಿವಿಯ ಸಾಲಿಗಿಂತ ಸುಮಾರು 26 ಸೆಂಟಿಮೀಟರ್ ಹಿಂದೆ ಪಕ್ಕದ ಗೋಡೆಯ ಮೇಲೆ ಸ್ಪೀಕರ್ ಇಟ್ಟಾಗಲೇ 100 ಡಿಗ್ರಿ ಕೋನ ದೊರೆಯುತ್ತದೆ. ಒರಗಿ ಕುಳಿತಾಗಿನ ಕಿವಿಯ ಎತ್ತರಕ್ಕಿಂತ ಎರಡು ಅಡಿಯಷ್ಟು ಮೇಲೆ ಇಟ್ಟರೆ ಪಕ್ಕದಲ್ಲಿ ಮಲಗಿದವರಿಗೂ ಧ್ವನಿ ಸಮನಾಗಿ ಹಂಚಿಕೆಯಾಗುತ್ತದೆ.

ಮಧ್ಯದ ಸ್ಪೀಕರನ್ನು ಟಿ.ವಿ.ಯ ಕೆಳಗೆ, ಹಲಗೆಯ ಅಂಚಿಗೆ ತಾಗುವಂತೆ ಇಟ್ಟು, ಮುಖವನ್ನು ತುಸು ಮೇಲಕ್ಕೆ ಎತ್ತಬೇಕು. ಹಲಗೆಯ ಒಳಭಾಗಕ್ಕೆ ಸರಿಸಿದರೆ ಹಲಗೆಯ ಪ್ರತಿಫಲನದಿಂದ ಮಾತು ಮಂಕಾಗುತ್ತದೆ.

ಸಬ್‌ವೂಫರಿಗೆ ಸೂಕ್ತ ಜಾಗ ಹುಡುಕಲು ಸರಳ ವಿಧಾನವೊಂದಿದೆ. ಅದನ್ನು ಹಾಸಿಗೆಯ ಮೇಲೆ, ಕೇಳುಗನ ತಲೆ ಇರುವ ಜಾಗದಲ್ಲಿ ಇಟ್ಟು ಮಂದ್ರ ಸ್ವರವುಳ್ಳ ಸಂಗೀತವನ್ನು ನುಡಿಸಬೇಕು. ಬಳಿಕ ಗೋಡೆಯ ಅಂಚಿನಲ್ಲಿ ನೆಲದ ಮಟ್ಟಕ್ಕೆ ಬಾಗಿ ಸಾಗುತ್ತ, ಎಲ್ಲಿ ಸ್ವರಗಳು ಏರುಪೇರಿಲ್ಲದೆ ಕೇಳುತ್ತವೆಯೋ ಅಲ್ಲಿಗೆ ಸಬ್‌ವೂಫರನ್ನು ಸ್ಥಳಾಂತರಿಸಬೇಕು.

ಹೊಂದಾಣಿಕೆ

ಮೇಲಿನ ಕೋಣೆಯಲ್ಲಿ ಮುಂದಿನ ಸ್ಪೀಕರುಗಳು ಕೇಳುಗನಿಂದ ಸುಮಾರು 3.2 ಮೀಟರ್, ಸರೌಂಡ್ ಸ್ಪೀಕರುಗಳು ಸುಮಾರು 1.5 ಮೀಟರ್ ದೂರದಲ್ಲಿವೆ. ಧ್ವನಿಯು ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 34 ಸೆಂಟಿಮೀಟರ್ ಸಾಗುವುದರಿಂದ ಸರೌಂಡ್ ಧ್ವನಿಯು 5 ಮಿಲಿಸೆಕೆಂಡ್ ಮೊದಲೇ ತಲುಪುತ್ತದೆ. ಒಂದೇ ಧ್ವನಿಯು ಎರಡು ಕಡೆಯಿಂದ ಬಂದಾಗ ಮೊದಲು ತಲುಪಿದ ದಿಕ್ಕನ್ನೇ ಕಿವಿಯು ಅದರ ಮೂಲವೆಂದು ಗ್ರಹಿಸುತ್ತದೆ. ರಿಸೀವರಿನಲ್ಲಿ ಪ್ರತಿ ಸ್ಪೀಕರಿನ ದೂರವನ್ನು ನಮೂದಿಸಿದರೆ ಈ ವ್ಯತ್ಯಾಸವನ್ನು ಅದು ತಾನೇ ಸರಿದೂಗಿಸುತ್ತದೆ. ಆ ಸೌಲಭ್ಯವಿಲ್ಲದ ಅಗ್ಗದ ಉಪಕರಣದಲ್ಲಿ ಸರೌಂಡ್ ಮಟ್ಟವನ್ನು ಇಳಿಸುವುದೊಂದೇ ದಾರಿ. ಅರ್ಧದಷ್ಟು ದೂರದಲ್ಲಿರುವ ಸ್ಪೀಕರ್ ಸುಮಾರು 6 ಡೆಸಿಬೆಲ್ ಹೆಚ್ಚು ಕೇಳಿಸುವುದರಿಂದ ಮೊದಲು ಅಷ್ಟು ಇಳಿಸಿ, ನಂತರ ಕಿವಿಯಿಂದ ಸರಿಪಡಿಸಲಾಗುತ್ತದೆ. ಸರೌಂಡ್ ಸ್ಪೀಕರ್ ಇದೆ ಎಂಬುದು ಅರಿವಿಗೆ ಬಾರದೆ, ಅದನ್ನು ನಿಲ್ಲಿಸಿದಾಗ ಮಾತ್ರ ಕೊರತೆ ತಿಳಿಯುವಂತಿದ್ದರೆ ಮಟ್ಟ ಸರಿಯಾಗಿದೆ ಎಂದರ್ಥ.

ಮೊಬೈಲ್ ಫೋನಿನ ಧ್ವನಿಮಾಪಕ ಆ್ಯಪ್‌ಗಳು ಐದು ಸ್ಪೀಕರುಗಳ ಮಟ್ಟವನ್ನು ಒಂದಕ್ಕೊಂದು ಹೋಲಿಸಲು ಉಪಯುಕ್ತ. ಮಂದ್ರ ಧ್ವನಿಯನ್ನು ಅಳೆಯಲು ಅವು ನಂಬಲರ್ಹವಲ್ಲ. ಸಣ್ಣ ಸ್ಪೀಕರುಗಳು ಮಂದ್ರ ಸ್ವರವನ್ನು ಹೊರಡಿಸಲಾರವಾದ್ದರಿಂದ, ರಿಸೀವರಿನಲ್ಲಿ ಅವುಗಳನ್ನು ‘ಸ್ಮಾಲ್’ ಎಂದು ಗುರುತಿಸಿ, ಸಬ್‌ವೂಫರಿಗೆ ದಾಟಿಸುವ ಕಂಪನಾಂಕವನ್ನು 80ರಿಂದ 120 ಹರ್ಟ್ಸ್‌ಗಳ ನಡುವೆ ಇಡುವುದು ವಾಡಿಕೆ.

ಪ್ರತಿ ತಂತಿಯ ಧನ ಮತ್ತು ಋಣ ತುದಿಗಳು ಎರಡೂ ಕಡೆ ಹೊಂದಿಕೆಯಾಗಿರಬೇಕು. ಒಂದು ಸ್ಪೀಕರಿನ ತುದಿಗಳು ಅದಲುಬದಲಾದರೆ ಮಂದ್ರ ಧ್ವನಿ ಕುಗ್ಗಿ, ಮಾತು ಎಲ್ಲಿಂದ ಬರುತ್ತಿದೆ ಎಂಬುದೇ ತಿಳಿಯದಂತಾಗುತ್ತದೆ.

ರಾತ್ರಿಯ ಬಳಕೆ ಮತ್ತು ನೆರೆಹೊರೆ

ಮಲಗುವ ಕೋಣೆಯ ವ್ಯವಸ್ಥೆ ಹೆಚ್ಚಾಗಿ ಬಳಕೆಯಾಗುವುದು ರಾತ್ರಿಯಲ್ಲಿ. ಭಾರತದ ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದ ಶಬ್ದದ ಮಿತಿ ಹಗಲಿನಲ್ಲಿ 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್. ಖಾಸಗಿ ಧ್ವನಿ ವ್ಯವಸ್ಥೆಯೊಂದು ತನ್ನ ಆವರಣದ ಗಡಿಯಲ್ಲಿ ಈ ಮಿತಿಯನ್ನು 5 ಡೆಸಿಬೆಲ್‌ಗಿಂತ ಹೆಚ್ಚು ಮೀರುವಂತಿಲ್ಲ. ಕೋಣೆಯೊಳಗೆ 75 ಡೆಸಿಬೆಲ್ ಇದ್ದು, ಮುಚ್ಚಿದ ಕಿಟಕಿಯು 25 ಡೆಸಿಬೆಲ್ ತಡೆದರೆ ಹೊರಗೆ 50 ಡೆಸಿಬೆಲ್ ಉಳಿಯುತ್ತದೆ. ಅಂದರೆ ರಾತ್ರಿಯ ಮಿತಿಯನ್ನು ಆಗಲೇ ಮುಟ್ಟಿದಂತಾಯಿತು. ಕಿಟಕಿ ತೆರೆದಿದ್ದರೆ ಅದೇ ಮಟ್ಟ ಮಿತಿಯನ್ನು ದಾಟುತ್ತದೆ.

ಅಳತೆಯಲ್ಲಿ ಅಡಗಿರುವ ಇನ್ನೊಂದು ಅಂಶವೂ ಇದೆ. ನಿಯಮದಲ್ಲಿ ಬಳಸುವ ‘ಎ’ ತೂಕದ ಡೆಸಿಬೆಲ್ ಮಾನವು ಕಿವಿಯ ಸಂವೇದನೆಗೆ ಅನುಗುಣವಾಗಿ 50 ಹರ್ಟ್ಸ್ ಸ್ವರವನ್ನು ಸುಮಾರು 30 ಡೆಸಿಬೆಲ್ ಕಡಿಮೆಯೆಂದು ಎಣಿಸುತ್ತದೆ. ಗೋಡೆ, ಬಾಗಿಲು, ಕಿಟಕಿಗಳು ಅತಿ ಕಡಿಮೆ ತಡೆಯುವುದೂ ಇದೇ ಮಂದ್ರ ಸ್ವರವನ್ನು. ಹೀಗಾಗಿ ಮಾಪಕವು ಮಿತಿಯೊಳಗಿದೆ ಎಂದು ತೋರಿಸುತ್ತಿರುವಾಗಲೂ ಪಕ್ಕದ ಮನೆಯಲ್ಲಿ ಮಲಗಿರುವ ಮಗುವಿಗೆ, ವೃದ್ಧರಿಗೆ ಅಥವಾ ಪರೀಕ್ಷೆಗೆ ಓದುತ್ತಿರುವವರಿಗೆ ಸಬ್‌ವೂಫರಿನ ಬಡಿತ ಗೋಡೆಯ ಮೂಲಕ ತಿಳಿಯುತ್ತಿರಬಹುದು. ನಿಯಮ ಪಾಲನೆಯಷ್ಟರಿಂದಲೇ ನೆರೆಮನೆಯ ನಿದ್ರೆ ಉಳಿಯುತ್ತದೆ ಎಂಬ ಖಾತರಿಯಿಲ್ಲ.

ಇದಕ್ಕೆ ಪರಿಹಾರವಾಗಿ ಹತ್ತು ಗಂಟೆಯ ನಂತರ ಸಬ್‌ವೂಫರನ್ನು ನಿಲ್ಲಿಸುವುದು ಅಥವಾ ಬಹಳ ತಗ್ಗಿಸುವುದು, ಮಧ್ಯದ ಚಾನೆಲ್ಲನ್ನು 3 ಡೆಸಿಬೆಲ್‌ನಷ್ಟು ಏರಿಸಿ ಒಟ್ಟು ಧ್ವನಿಯನ್ನು ಇಳಿಸುವುದು, ಮತ್ತು ‘ನೈಟ್ ಮೋಡ್’ ಬಳಸುವುದು ರೂಢಿಯಲ್ಲಿವೆ. ನೈಟ್ ಮೋಡ್ ಸ್ಫೋಟದಂತಹ ದೊಡ್ಡ ಸದ್ದನ್ನು ಕುಗ್ಗಿಸಿ ಪಿಸುಮಾತನ್ನು ಎತ್ತುತ್ತದೆ. ಸಬ್‌ವೂಫರನ್ನು ನೆರೆಮನೆಗೆ ಹೊಂದಿಕೊಂಡ ಗೋಡೆಯಿಂದ ದೂರವಿರಿಸಿ, ಅದರ ಅಡಿಗೆ ದಪ್ಪ ರಬ್ಬರ್ ಅಥವಾ ಫೋಮ್ ಹಾಸುವುದರಿಂದ ಕಟ್ಟಡದ ಮೂಲಕ ಸಾಗುವ ಕಂಪನ ಸ್ವಲ್ಪಮಟ್ಟಿಗೆ ತಗ್ಗುತ್ತದೆ.

ಸುರಕ್ಷತೆ ಮತ್ತು ನಿರ್ವಹಣೆ

ತಲೆದಿಂಬಿನ ನೇರ ಮೇಲೆ ಸ್ಪೀಕರನ್ನು ತೂಗುಹಾಕಬಾರದು. ಗಿಲಾವಿನಲ್ಲಷ್ಟೇ ಹಿಡಿದಿರುವ ಮೊಳೆಯು ಕಂಪನದಿಂದ ಕ್ರಮೇಣ ಸಡಿಲವಾಗುತ್ತದೆ. ಕಲ್ಲಿನವರೆಗೆ ರಂಧ್ರ ಕೊರೆದು ಬಿಗಿದ ತಿರುಪು ಸುರಕ್ಷಿತ. ವಿದ್ಯುತ್ ತಂತಿಯನ್ನು ಗಾದಿಯ ಅಡಿಯಲ್ಲಿ ಹಾಯಿಸಿದರೆ ಅದು ಬಿಸಿಯೇರುವ ಮತ್ತು ಉಜ್ಜಿ ಸವೆಯುವ ಅಪಾಯವಿದೆ. ಆಂಪ್ಲಿಫೈಯರಿನ ಮೇಲೆ ಬಟ್ಟೆ ಅಥವಾ ಪುಸ್ತಕ ಹೇರದೆ ಗಾಳಿಯಾಡಲು ಬಿಡಬೇಕು.

ಉಪಕರಣಗಳಿಂದ ಸತತ ಗುಂಯ್ ಸದ್ದು ಬರುತ್ತಿದ್ದರೆ ಅದಕ್ಕೆ ಬೇರೆ ಬೇರೆ ಪ್ಲಗ್‌ಗಳ ಅರ್ಥಿಂಗ್ ನಡುವಣ ವ್ಯತ್ಯಾಸ ಕಾರಣವಿರಬಹುದು. ಟಿ.ವಿ. ಮತ್ತು ಆಂಪ್ಲಿಫೈಯರುಗಳನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಜೋಡಿಸಿ ನೋಡುವುದು ಮೊದಲ ಪರೀಕ್ಷೆ. ಸದ್ದು ನಿಲ್ಲಲೆಂದು ಮೂರನೆಯ ಪಿನ್ ತೆಗೆಯುವುದು ಪ್ರಾಣಾಪಾಯಕ್ಕೆ ದಾರಿಯಾಗುತ್ತದೆ.

ಮುಂಗಾರಿಗೆ ಮುಂಚಿನ ಗುಡುಗು ಮಳೆಯ ದಿನಗಳಲ್ಲಿ ವಿದ್ಯುತ್ ಪ್ಲಗ್ಗಿನ ಜೊತೆಗೆ ಕೇಬಲ್ ಅಥವಾ ಡಿಷ್ ತಂತಿಯನ್ನೂ ಕಳಚಿಡಬೇಕು. ಸಿಡಿಲಿನ ಆಘಾತ ಎರಡೂ ದಾರಿಗಳಿಂದ ಬರಬಹುದು. ಬೆಳಗಾವಿ ಹಾಗೂ ಅದಕ್ಕಿಂತ ಹೆಚ್ಚು ಮಳೆ ಬೀಳುವ ಖಾನಾಪುರ ಭಾಗದಲ್ಲಿ ಮಳೆಗಾಲದ ತೇವಕ್ಕೆ ಕಾಗದದ ಕೋನುಗಳು ಬೂಷ್ಟು ಹಿಡಿಯುತ್ತವೆ ಮತ್ತು ಬರಿಯ ತಾಮ್ರದ ತುದಿಗಳು ಕಿಲುಬುಗಟ್ಟುತ್ತವೆ. ಸ್ಪೀಕರನ್ನು ತೇವವೇರುವ ಗೋಡೆಯಿಂದ ಕೆಲವು ಬೆರಳು ದೂರವಿರಿಸುವುದು, ಮಳೆಗಾಲ ಮುಗಿದ ಮೇಲೆ ತಂತಿಯ ತುದಿಗಳನ್ನು ಕತ್ತರಿಸಿ ಹೊಸದಾಗಿ ಬಿಗಿಯುವುದು ಸಾಕಷ್ಟು ರಕ್ಷಣೆ ನೀಡುತ್ತವೆ.

ಮಿತಿಗಳು

10 ಅಡಿ ಅಗಲದ ಕೋಣೆಯಲ್ಲಿ ಸರಿಯಾದ ಧ್ವನಿ ದೊರೆಯುವ ಜಾಗ ಒಬ್ಬಿಬ್ಬರಿಗೆ ಸಾಕಾಗುವಷ್ಟು ಮಾತ್ರ. ಹಾಸಿಗೆಯ ಅಂಚಿನಲ್ಲಿರುವವರಿಗೆ ಹತ್ತಿರದ ಸರೌಂಡ್ ಸ್ಪೀಕರ್ ಹೆಚ್ಚಾಗಿ ಕೇಳುತ್ತದೆ. ಹಿಂಗೋಡೆಯ ಸಾಮೀಪ್ಯದಿಂದ ಮಂದ್ರ ಧ್ವನಿ ಉಬ್ಬುವುದನ್ನು ಪೂರ್ಣವಾಗಿ ನಿವಾರಿಸಲು ಬಾರದು. ಹಾಸಿಗೆಯನ್ನು ಒಂದಡಿ ಮುಂದಕ್ಕೆ ಎಳೆದರೆ ತಕ್ಕಮಟ್ಟಿಗೆ ತಗ್ಗುತ್ತದೆ. ಸರೌಂಡ್ ಸ್ಪೀಕರುಗಳಿಗೆ ಸೂಕ್ತ ಜಾಗವೇ ಇಲ್ಲದ ಕೋಣೆಗಳಲ್ಲಿ, ಐದು ಸ್ಪೀಕರುಗಳನ್ನು ತಪ್ಪಾದ ಸ್ಥಾನಗಳಲ್ಲಿ ಇಡುವುದಕ್ಕಿಂತ ಮೂರು ಸ್ಪೀಕರುಗಳನ್ನು ಮುಂದೆ ಸರಿಯಾಗಿ ಇಡುವ ವಿನ್ಯಾಸವು ಹೆಚ್ಚು ಸ್ಪಷ್ಟವಾದ ಫಲ ನೀಡುತ್ತದೆ. ತಡರಾತ್ರಿಯಲ್ಲಿ ಪೂರ್ಣ ಪ್ರಮಾಣದ ಧ್ವನಿ ಬಯಸುವವರಿಗೆ ಹೆಡ್‌ಫೋನ್ ಪರ್ಯಾಯವಾಗಿದೆ. ಅದರಲ್ಲಿ ಕೋಣೆಯ ದೋಷಗಳೂ ಇರುವುದಿಲ್ಲ, ಹೊರಗಿನವರಿಗೆ ತೊಂದರೆಯೂ ಆಗುವುದಿಲ್ಲ.